ಆಟದ ಗುಂಪಲ್ಲಿ ಜಗಳ: ಕೆಟ್ಟಿರುವುದು ಎಲ್ಲಿ ಅಂತ ಹುಡುಕುವ ಬಗೆ

ಮಿಕ್ಸಿ ತಿರುಗದಿದ್ದರೆ ಯಾರೂ ಮೊದಲು ಮೋಟಾರ್ ಬಿಚ್ಚುವುದಿಲ್ಲ. ಕರೆಂಟ್ ಉಂಟಾ ನೋಡುತ್ತೇವೆ. ಜಾರ್ ಸರಿ ಕೂತಿದೆಯಾ ನೋಡುತ್ತೇವೆ. ಅಡಿಯಲ್ಲಿರುವ ಕೆಂಪು ಬಟನ್ ಒತ್ತಿ ನೋಡುತ್ತೇವೆ. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಆಟದ ಗುಂಪಲ್ಲಿ ಜಗಳ ಬಂದಾಗ ಮಾತ್ರ ನಾವು ನೇರ ಮೋಟಾರಿಗೇ ಕೈ ಹಾಕುತ್ತೇವೆ. "ಅವನ ಸ್ವಭಾವವೇ ಹಾಗೆ ಮಾರಾಯ" ಅಂದುಬಿಡುತ್ತೇವೆ.

ನಾನೂ ಹಾಗೆ ಮಾಡಿದ್ದೇನೆ. ಮಂಗಳೂರಿನ ಕದ್ರಿ ಕಡೆ ಒಂದು ಮನೆಯ ಮಹಡಿಯಲ್ಲಿ ನಾವು ಆರು ಜನ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ, ಮಾತಲ್ಲೇ ಕಥೆ ಕಟ್ಟುವ ಆಟ ಅದು. ನಾನು ಡಿಎಂ, ಅಂದರೆ ಕಥೆ ನಡೆಸುವವನು. ಉಡುಪಿ ಕಡೆಯಿಂದ ಬರುತ್ತಿದ್ದ ಹುಡುಗ ಒಬ್ಬನಿದ್ದ. ಉಳಿದವರು ಕೋಟೆಯೊಳಗೆ ಹೇಗೆ ನುಸುಳುವುದು ಅಂತ ಲೆಕ್ಕ ಹಾಕುತ್ತಾ ಕೂತಿದ್ದರೆ ಇವನು ಬಾಗಿಲು ಒದ್ದು, ಕತ್ತಿ ಹಿರಿದು ಒಳಗೆ ನುಗ್ಗಿಬಿಡುತ್ತಿದ್ದ. ಮೂರು ವಾರ ಹೀಗೇ ಆಯಿತು. ನಾಲ್ಕನೇ ವಾರ ನಾನು ಎಲ್ಲರ ಎದುರೇ ಹೇಳಿದೆ, "ನಿನಗೆ ಈ ಆಟ ಆಗುವುದಿಲ್ಲ." ಆಮೇಲೆ ಅವನು ಬರಲಿಲ್ಲ.

ತಿಂಗಳುಗಳ ನಂತರ ಗೊತ್ತಾಯಿತು. ಮಂಗಳೂರಿಂದ ಉಡುಪಿಗೆ ಸುಮಾರು 55 ಕಿಲೋಮೀಟರ್. ಅಲ್ಲಿ ಇಳಿದು ಒಳಗಿನ ಊರಿಗೆ ಹೋಗುವ ಕೊನೆಯ ಬಸ್ಸು ಅವನಿಗೆ ಸಿಗಬೇಕಿತ್ತು. ಏಳು ಗಂಟೆ ದಾಟಿದರೆ ಅವನ ಕಣ್ಣು ಗಡಿಯಾರದ ಮೇಲೆ. ಹೋಗುವ ಮೊದಲು ಕೋಟೆಯೊಳಗೆ ಏನುಂಟು ಅಂತ ನೋಡುವ ಆಸೆ, ಅದಕ್ಕೇ ಬಾಗಿಲು ಒದೆಯುತ್ತಿದ್ದದ್ದು. ಆಟ ಒಂದು ಗಂಟೆ ಮೊದಲು ಶುರು ಮಾಡಿದ್ದರೆ ಸಾಕಿತ್ತು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಲಭದ್ದು, ಖರ್ಚಿಲ್ಲದ್ದು ಮೊದಲು ನೋಡಿ. ಮನುಷ್ಯನ ಸ್ವಭಾವ ಕೊನೆಗೆ.

ಶುರು ಮಾಡುವ ಮೊದಲು: ಇವಿದ್ದರೆ ಹುಡುಕುತ್ತಾ ಕೂರಬೇಡಿ

ಯಾರಾದರೂ ಕೈ ಎತ್ತಿದರೆ, ಹೊಡೆಯುತ್ತೇನೆ ಅಂದರೆ, ಬೇಡ ಅಂದ ಮೇಲೂ ಮೈ ಮುಟ್ಟಿದರೆ, ಒಬ್ಬರ ಹಿಂದೆ ಹಿಂದೆ ಸುತ್ತಿದರೆ, ಫೋಟೋ ಹಂಚುತ್ತೇನೆ ಅಂತ ಹೆದರಿಸಿದರೆ, ಅದು ಆಟದ ದೋಷ ಅಲ್ಲ. ಆಟ ಅಲ್ಲಿಗೇ ನಿಲ್ಲಿಸಿ. ತೊಂದರೆಗೆ ಒಳಗಾದವರನ್ನು ಒಬ್ಬರೇ ಮನೆಗೆ ಕಳಿಸಬೇಡಿ, ಜೊತೆಗೆ ಹೋಗಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳ ವಿಷಯವಾದರೆ 1098. ಗುಂಪಲ್ಲಿ ಹದಿನೆಂಟು ತುಂಬದವರಿದ್ದರೆ ಅವರ ಮನೆಯವರಿಗೆ ತಿಳಿಸಿ. "ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಣ" ಅನ್ನುವ ಕೆಲಸಕ್ಕೆ ಇಲ್ಲಿ ಕೈ ಹಾಕಬೇಡಿ. ತಪ್ಪು ಮಾಡಿದವನ ಎದುರೇ ಅವಳನ್ನು ಕೂರಿಸಿದರೆ ಅವಳಿಗೆ ಎರಡನೇ ಸಲ ನೋವು.

ಕೆಳಗಿರುವುದೆಲ್ಲ ಇಷ್ಟು ಗಂಭೀರವಲ್ಲದ ಜಗಳಗಳಿಗೆ.

ಲಕ್ಷಣ: "ಇವತ್ತು ಯಾಕೋ ಎಲ್ಲರೂ ಸಿಡುಕುತ್ತಿದ್ದಾರೆ"

ಮೊದಲು ಗಡಿಯಾರ ನೋಡಿ. ಎರಡು ಗಂಟೆ ಮೀರಿ ಯಾರೂ ಎದ್ದೇ ಇಲ್ಲ ಅಂದರೆ ಅದೇ ಕಾರಣ ಇರಬಹುದು. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ, ತಗಡಿನ ಶೀಟ್ ಹಾಕಿದ ಮಹಡಿಯಲ್ಲಿ, ಒಂದೇ ಫ್ಯಾನಿನ ಕೆಳಗೆ ಆರು ಜನ ಕೂತರೆ ಎಷ್ಟು ಒಳ್ಳೆಯವರಾದರೂ ಸಿಟ್ಟಾಗುತ್ತಾರೆ. ಹದಿನೈದು ನಿಮಿಷ ಬಿಡುವು ಕೊಡಿ. ನೀರು ಕೊಡಿ. ಗೋಳಿಬಜೆಯೋ ಬನ್ಸೋ ತರಿಸಿ. ತಿಂದ ಮೇಲೆ ಅದೇ ವಿಷಯ ಎತ್ತಿ ನೋಡಿ. ಸಿಟ್ಟು ಇಳಿದಿದ್ದರೆ ಅದು ಹಸಿವು, ಅಷ್ಟೇ. ಮತ್ತೆ ಅದೇ ಬಿಸಿ ಇದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ.

ಆಮೇಲೆ ಬಸ್ಸು. ಯಾರು ಎಷ್ಟು ಗಂಟೆಗೆ ಹೊರಡಬೇಕು ಅಂತ ಆಟ ಶುರುವಾಗುವ ಮೊದಲೇ ಕೇಳಿ ಬರೆದಿಡಿ. ಹಾಸ್ಟೆಲಿನವರಿಗೆ ಗೇಟ್ ಹಾಕುವ ಸಮಯ ಇರುತ್ತದೆ. ಅವರಾಗಿ ಹೇಳುವುದಿಲ್ಲ, ನಾಚಿಕೆ ಇರುತ್ತದೆ. ಕೇಳಬೇಕು.

ದುಡ್ಡನ್ನೂ ನೋಡಿ. ಪ್ರತಿ ವಾರ ಒಬ್ಬರ ಮನೆಯಲ್ಲೇ ಆಟ, ಅವರ ಅಮ್ಮನದ್ದೇ ಚಾ, ಪಾತ್ರೆ ತೊಳೆಯುವುದೂ ಅವರೇ ಅಂತಾದರೆ ಆ ಮನೆಯವನಿಗೆ ಒಳಗೊಳಗೇ ಬೇಸರ ಇರುತ್ತದೆ. ಅದು ಹೊರಗೆ ಬರುವುದು ಯಾವುದೋ ದಾಳದ ಜಗಳದ ರೂಪದಲ್ಲಿ. ತಿಂಡಿಯ ಖರ್ಚು ಹಂಚಿಕೊಳ್ಳಿ, ಲೋಟ ನೀವೇ ತೊಳೆದಿಡಿ.

ಲಕ್ಷಣ: "ಐದು ನಿಮಿಷಕ್ಕೊಮ್ಮೆ ರೂಲ್ಸ್ ಜಗಳ"

ಇಲ್ಲಿ ಜನರ ಮುಖ ನೋಡುವ ಮೊದಲು ಪುಸ್ತಕದ ಮುಖಪುಟ ನೋಡಿ. ಈ ಆಟದ ಐದನೇ ಆವೃತ್ತಿಯ ನಿಯಮಗಳು 2014ರಲ್ಲಿ ಬಂದವು, ತಿದ್ದಿದ ನಿಯಮಗಳು 2024ರಲ್ಲಿ. ಎರಡೂ ನೋಡಲು ಒಂದೇ ಆಟ, ಆದರೆ ಒಳಗೆ ಬೇರೆ ಬೇರೆ. ಗಾಯ ಮಾಯಿಸುವ ಮದ್ದು ಕುಡಿಯಲು 2014ರ ಪ್ರಕಾರ ಆ ಸರದಿಯ ಮುಖ್ಯ ಕೆಲಸ, ಅಂದರೆ ಪೂರ್ತಿ ಆ್ಯಕ್ಷನ್ ಬೇಕು. 2024ರ ಪ್ರಕಾರ ಜೊತೆಗೆ ಮಾಡುವ ಸಣ್ಣ ಕೆಲಸ, ಅಂದರೆ ಬೋನಸ್ ಆ್ಯಕ್ಷನ್ ಸಾಕು, ಕುಡಿದ ಮೇಲೂ ಕತ್ತಿ ಬೀಸಬಹುದು. ಕ್ಯೂರ್ ವೂಂಡ್ಸ್ ಅನ್ನುವ ಮಂತ್ರಕ್ಕೆ ಹಳೆಯದರಲ್ಲಿ ಎಂಟು ಮುಖದ ಒಂದು ದಾಳ, ಹೊಸದರಲ್ಲಿ ಎರಡು. ವೈರಿ ಮೇಲೆ ಹಠಾತ್ತನೆ ಬಿದ್ದರೆ ಹಳೆಯದರಲ್ಲಿ ಅವನ ಮೊದಲ ಸರದಿಯೇ ಹೋಗುತ್ತದೆ, ಹೊಸದರಲ್ಲಿ ಸರದಿ ನಿರ್ಧರಿಸುವ ದಾಳದಲ್ಲಿ ಮಾತ್ರ ಅವನಿಗೆ ಹಿನ್ನಡೆ.

ಈಗ ಯೋಚಿಸಿ. ಒಬ್ಬ ಅಣ್ಣನ ಹಳೆಯ ಪುಸ್ತಕ ಓದಿ ಬಂದಿದ್ದಾನೆ, ಇನ್ನೊಬ್ಬಳು ಮೊಬೈಲಲ್ಲಿ ಹೊಸದನ್ನು ನೋಡಿ ಬಂದಿದ್ದಾಳೆ. ಇಬ್ಬರೂ ಹೇಳುವುದು ಸರಿ. ಇಬ್ಬರಿಗೂ ಎದುರಿನವರು ಮೋಸ ಮಾಡುತ್ತಿದ್ದಾರೆ ಅಂತ ಅನುಮಾನ. ನಮ್ಮ ಗುಂಪಲ್ಲಿ ಇಂಥದ್ದೇ ಜಗಳ ಎರಡು ವಾರ ನಡೆದು, ಕೊನೆಗೆ ಇಬ್ಬರ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇಬ್ಬರೂ ಸುಮ್ಮನಾದರು. ಯಾವ ವರ್ಷದ ನಿಯಮ ಅಂತ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಖರ್ಚೇ ಇಲ್ಲ.

ಇನ್ನೊಂದು ಅಗ್ಗದ ಪರೀಕ್ಷೆ ನಕ್ಷೆ. ಫೈರ್‌ಬಾಲ್ ಮಂತ್ರದ ಜಗಳ ಎಲ್ಲ ಗುಂಪಲ್ಲೂ ಆಗುತ್ತದೆ, ಅಲ್ವಾ? ಬೆಂಕಿ ಹರಡುವುದು 20 ಅಡಿ ಅಂತ ಓದಿರುತ್ತಾರೆ. ಅದು ನಡುವಿನಿಂದ ಅಂಚಿಗೆ. ಈ ಕಡೆಯಿಂದ ಆ ಕಡೆಗೆ 40 ಅಡಿ, ಐದು ಅಡಿಯ ಚೌಕಗಳಲ್ಲಿ ಎಂಟು ಚೌಕ. ಆರು ಮುಖದ ಎಂಟು ದಾಳದ ಏಟು, ಸರಾಸರಿ 28. ಗೆಳೆಯ ಒಳಗೆ ಸಿಕ್ಕಿ ಬಿದ್ದ. "ಬೇಕಂತಲೇ ಸುಟ್ಟ" ಅಂತ ಇವನು, "ನೀನು ದೂರ ನಿಂತಿದ್ದೀ ಅಂದುಕೊಂಡೆ" ಅಂತ ಅವನು. ನಕ್ಷೆ ಇಲ್ಲದೆ ಬಾಯಿಮಾತಲ್ಲೇ ಆಡುತ್ತಿದ್ದರೆ ಇದು ಜನರ ತಪ್ಪಲ್ಲ. ಚೌಕುಳಿ ಹಾಳೆ ಹಾಸಿ. ಮಂತ್ರ ಬಿಡುವ ಮೊದಲು "ಒಳಗೆ ಇಂಥವರಿದ್ದಾರೆ, ಬಿಡುತ್ತೀಯಾ?" ಅಂತ ಡಿಎಂ ಒಂದು ಸಲ ಕೇಳಲಿ. ಕೇಳಿದ ಮೇಲೂ ನಗುತ್ತಾ ಬಿಟ್ಟರೆ ಆಗ ಅದು ಬೇರೆ ಲಕ್ಷಣ, ಕೆಳಗೆ ಬರುತ್ತದೆ.

ಪುಸ್ತಕವೂ ಒಂದೇ, ನಕ್ಷೆಯೂ ಉಂಟು, ಆದರೂ ವಾದ ನಿಲ್ಲುವುದಿಲ್ಲ ಅಂದರೆ ಡಿಎಂ ಅಲ್ಲೇ ಒಂದು ತೀರ್ಪು ಕೊಟ್ಟು ಆಟ ಮುಂದುವರಿಸಬೇಕು, ಪುಸ್ತಕ ಹುಡುಕುವುದು ಆಟ ಮುಗಿದ ಮೇಲೆ. ತಪ್ಪಾಗಿದ್ದರೆ ಮುಂದಿನ ವಾರ ಒಪ್ಪಿಕೊಳ್ಳಬೇಕು, ಎಲ್ಲರ ಎದುರೇ.

ಲಕ್ಷಣ: "ಒಬ್ಬನದ್ದೇ ಮಾತು, ಇಬ್ಬರು ಮೊಬೈಲಲ್ಲಿ"

ಅಂದಾಜಿನ ಮೇಲೆ ಹೋಗಬೇಡಿ, ಎಣಿಸಿ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಚೆನ್ನೆಮಣೆ (ಅಳಗುಳಿ ಮಣೆ) ಉಂಟು. ಎರಡು ಸಾಲು, ಸಾಲಿಗೆ ಏಳು ಗುಳಿ. ನಾನು ಒಂದು ಗುಳಿ ಒಬ್ಬರಿಗೆ ಅಂತ ಇಟ್ಟು, ಯಾರಾದರೂ ಏನಾದರೂ ಮಾಡಿದಾಗ, ಮಾತಾಡಿದಾಗ, ಅವರ ಗುಳಿಗೆ ಒಂದು ಮಂಜೊಟ್ಟಿ ಬೀಜ ಹಾಕುತ್ತಾ ಹೋದೆ. ಯಾರಿಗೂ ಹೇಳಲಿಲ್ಲ. ಆ ಸಂಜೆ ಒಬ್ಬನ ಗುಳಿ ತುಂಬಿ ಹೊರಗೆ ಚೆಲ್ಲಿತ್ತು. ಒಬ್ಬಳ ಗುಳಿಯಲ್ಲಿ ನಾಲ್ಕೇ ನಾಲ್ಕು. ನನಗೆ ಆಶ್ಚರ್ಯ ಆದದ್ದು ಬೇರೆ ವಿಷಯಕ್ಕೆ: ಜಾಸ್ತಿ ಮಾತಾಡುತ್ತಾನೆ ಅಂತ ಎಲ್ಲರೂ ದೂರುತ್ತಿದ್ದವನು ಬೀಜದ ಲೆಕ್ಕದಲ್ಲಿ ಎರಡನೆಯವನು. ಮೊದಲನೆಯವನ ಮೇಲೆ ಯಾರಿಗೂ ದೂರೇ ಇರಲಿಲ್ಲ, ಯಾಕೆಂದರೆ ಅವನು ತಮಾಷೆಯಾಗಿ ಮಾತಾಡುತ್ತಾನೆ.

ಸುಮ್ಮನಿರುವವರು ಯಾಕೆ ಸುಮ್ಮನಿದ್ದಾರೆ? ನಮ್ಮ ಊರಲ್ಲಿ ಮೊದಲು ನೋಡಬೇಕಾದದ್ದು ಭಾಷೆ. ಆಟ ಕನ್ನಡದಲ್ಲಿ ಶುರುವಾಗುತ್ತದೆ, ಕಾವೇರಿದಾಗ ನಾಲ್ಕು ಜನ ತುಳುವಿಗೆ ಜಾರುತ್ತಾರೆ, ಇಬ್ಬರು ಕೊಂಕಣಿಯಲ್ಲಿ ಏನೋ ಪಿಸುಗುಟ್ಟಿ ನಗುತ್ತಾರೆ. ಶಿವಮೊಗ್ಗದಿಂದ ಮಣಿಪಾಲಕ್ಕೆ ಓದಲು ಬಂದ ಹುಡುಗಿ ಮೊಬೈಲ್ ತೆಗೆಯದೆ ಇನ್ನೇನು ಮಾಡಬೇಕು? ಅವಳಿಗೆ ಅದು ತನ್ನ ಬಗ್ಗೆಯೇ ಆಡಿದ ನಗೆ ಅಂತ ಅನಿಸಬಹುದು. ತುಳು ಬೇಡ ಅಂತ ನಾನು ಹೇಳುವುದಿಲ್ಲ, ನನ್ನ ಮನೆ ಮಾತೂ ತುಳುವೇ. ಗುಟ್ಟಿನ ಪ್ಲಾನ್ ಮಾಡುವಾಗ ಎಲ್ಲರಿಗೂ ಬರುವ ಭಾಷೆಯಲ್ಲಿ ಮಾಡಿ, ಅಷ್ಟೇ.

ಭಾಷೆ ಸರಿ ಇದ್ದರೆ ಅವರಿಗೆ ಬೇಕಾದ ಆಟ ಬೇರೆ ಇರಬಹುದು. ಒಬ್ಬರಿಗೆ ಯುದ್ಧ ಬೇಕು, ಒಬ್ಬರಿಗೆ ರಾಜನ ಸಭೆಯಲ್ಲಿ ಮಾತು ಬೇಕು. ಇದನ್ನು ಶುರುವಿನಲ್ಲೇ, ದಾಳ ಹಾಕುವ ಮೊದಲ ದಿನಕ್ಕಿಂತ ಮೊದಲು ಒಂದು ದಿನ ಸುಮ್ನೆ ಕೂತು ಕೇಳಬೇಕಿತ್ತು. ಕೇಳದಿದ್ದರೆ ಈಗ ಕೇಳಿ, ತಡವಾಗಿಲ್ಲ.

ಲಕ್ಷಣ: "ನಾನಲ್ಲ, ನನ್ನ ಪಾತ್ರ ಹಾಗೆ"

ಕಳ್ಳನ ಪಾತ್ರದವನು ರಾತ್ರಿ ಗೆಳೆಯರ ಚೀಲದಿಂದಲೇ ಚಿನ್ನ ಕದಿಯುತ್ತಾನೆ. ಕೇಳಿದರೆ, ಕಳ್ಳ ಕದಿಯದೆ ಮತ್ತೆ ಎಂತ ಮಾಡುವುದು ಅನ್ನುತ್ತಾನೆ. ಬಹಳ ಗುಂಪು ಒಡೆಯುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪಾತ್ರಗಳು ಜಗಳ ಆಡುವುದು ದೋಷ ಅಲ್ಲ. ನಾವು ತಾಳಮದ್ದಳೆಯ ಊರಿನವರು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಮಳೆ ಸುರಿಯುವಾಗ, ವೇಷ ಇಲ್ಲದೆ, ಬಣ್ಣ ಇಲ್ಲದೆ, ಎದುರುಬದುರು ಕೂತ ಅರ್ಥಧಾರಿಗಳು, ಅಂದರೆ ಪಾತ್ರದ ಮಾತಾಡುವವರು, ಬರೆದಿಟ್ಟ ಮಾತಿಲ್ಲದೆ ವಾದ ಮಾಡುತ್ತಾರೆ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳುವಾಗ ಕೂತವರ ಮೈ ಬಿಸಿಯಾಗುತ್ತದೆ. ಮಂಗಳ ಹಾಡಿದ ಮೇಲೆ ವಾಲಿಯೂ ರಾಮನೂ ಒಂದೇ ಬೆಂಚಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಅದು ಆರೋಗ್ಯದ ಗುರುತು. ಅಲ್ಲೂ ಕೆಲವೊಮ್ಮೆ ಮಾತು ಪಾತ್ರ ಬಿಟ್ಟು ಎದುರಿನ ಮನುಷ್ಯನ ಮೇಲೆ ಹೋಗುತ್ತದೆ. ಸಭೆಯಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಮೇಜಿನಲ್ಲೂ ಗೊತ್ತಾಗುತ್ತದೆ, ಕಿವಿ ಕೊಡಬೇಕು.

ಮೂರು ಗುರುತು ಹೇಳುತ್ತೇನೆ. "ನಿನ್ನ ಕಳ್ಳ ಹಾಗೆ ಮಾಡಿದ" ಅಂತಿದ್ದದ್ದು "ನೀನು ಯಾವಾಗಲೂ ಹೀಗೇ" ಅಂತ ಬದಲಾಗುತ್ತದೆ. ಆ "ಯಾವಾಗಲೂ" ಬಂತೆಂದರೆ ಜಗಳ ಪಾತ್ರದಿಂದ ಆಚೆ ದಾಟಿತು ಅಂತ. ಇನ್ನೊಂದು, ಶಾಲೆಯಿಂದ ಏಕವಚನದಲ್ಲಿ ಮಾತಾಡಿಕೊಂಡು ಬಂದ ಗೆಳೆಯರು ತಟ್ಟನೆ ಬಹುವಚನಕ್ಕೆ ಹೋಗುತ್ತಾರೆ: "ಆಯ್ತು, ನೀವು ಹೇಳಿದ ಹಾಗೇ ಆಗಲಿ." ತುಳುವಿನಲ್ಲಿ "ಈ" ಅಂತಿದ್ದವನು "ಈರ್" ಅಂದರೂ ಅದೇ ಅರ್ಥ. ಬೊಬ್ಬೆಗಿಂತ ಈ ಮರ್ಯಾದೆಗೆ ನಾನು ಜಾಸ್ತಿ ಹೆದರುತ್ತೇನೆ. ಮೂರನೆಯದು ಚಾ ಹೊತ್ತು. ಆಟದಲ್ಲಿ ಕತ್ತಿ ಹಿಡಿದವರು ಬಿಡುವಿನಲ್ಲಿ ಪಕ್ಕದಲ್ಲಿ ನಿಂತು ನಗುತ್ತಿದ್ದರೆ ಚಿಂತೆ ಇಲ್ಲ. ಒಬ್ಬ ಬಾಲ್ಕನಿಗೆ, ಒಬ್ಬ ಅಡುಗೆಮನೆಗೆ ಹೋದರೆ ಚಿಂತೆ ಉಂಟು.

ಗುರುತು ಇಲ್ಲದಿದ್ದರೆ ಮಾಡಬೇಕಾದದ್ದು ಕಡಿಮೆ. ತಾಳಮದ್ದಳೆಯಲ್ಲಿ ಪದ ಹಾಡಿ ನಡೆಸುವ ಭಾಗವತರನ್ನು ನೋಡಿ ಕಲಿಯಿರಿ. ವಾದ ಉದ್ದವಾಯಿತು ಅಂತ ಕಂಡರೆ ಅವರು ಯಾರನ್ನೂ ಬೈಯುವುದಿಲ್ಲ, ತಾಳ ಹಾಕಿ ಮುಂದಿನ ಪದ ಎತ್ತುತ್ತಾರೆ. ಡಿಎಂ ಕೂಡ ಹಾಗೇ, "ಅಷ್ಟರಲ್ಲಿ ಹೊರಗೆ ಕುದುರೆಗಳ ಸದ್ದು" ಅಂತ ಕಥೆ ಎತ್ತಿದರೆ ಸಾಕು.

ಗುರುತು ಇದ್ದರೆ ಈ ಒಂದು ನಿಯಮ ತನ್ನಿ: ಒಬ್ಬ ಆಟಗಾರ ಇನ್ನೊಬ್ಬ ಆಟಗಾರನ ಪಾತ್ರಕ್ಕೆ ಏನಾದರೂ ಮಾಡಲು ಹೊರಟರೆ, ಅದು ಆಗುತ್ತದಾ ಇಲ್ಲವಾ ಅಂತ ಹೇಳುವುದು ಏಟು ತಿನ್ನುವವನು. ದಾಳ ಅಲ್ಲ, ಡಿಎಂ ಅಲ್ಲ. "ನಿನ್ನ ಚೀಲದಿಂದ ಕದಿಯುತ್ತೇನೆ" ಅಂದರೆ, "ಕದಿ, ಬೆಳಿಗ್ಗೆ ನನಗೆ ಗೊತ್ತಾಗುತ್ತದೆ" ಅನ್ನುವುದೂ "ಬೇಡ" ಅನ್ನುವುದೂ ಚೀಲದ ಒಡೆಯನಿಗೆ ಬಿಟ್ಟದ್ದು. ಇದನ್ನು ತಂದ ದಿನ ನಮ್ಮ ಕಳ್ಳನಿಗೆ ಬೇಸರ ಆಯಿತು, ಎರಡು ವಾರ ಮುಖ ದಪ್ಪ ಮಾಡಿಕೊಂಡಿದ್ದ. ಆಮೇಲೆ ಅವನೇ ಗೆಳೆಯನನ್ನು ಕೇಳಿಕೊಂಡು ಚಂದದ ಕಳ್ಳತನದ ಕಥೆ ಕಟ್ಟಲು ಶುರು ಮಾಡಿದ.

ನಿಯಮ ಬಂದ ಮೇಲೂ ಅದೇ ಒಬ್ಬರನ್ನೇ ಕೆಣಕುತ್ತಿದ್ದರೆ, ಆಟದ ಹೊರಗೆ ಏನೋ ಆಗಿದೆ. ಕೊಟ್ಟ ಸಾಲ ಇರಬಹುದು, ಮುರಿದ ಪ್ರೀತಿ ಇರಬಹುದು, ಹಳೆಯ ಮಾತು ಇರಬಹುದು. ಅದನ್ನು ಆಟದೊಳಗೆ ಸರಿಪಡಿಸಲು ನೋಡಬೇಡಿ. ಇಬ್ಬರನ್ನೂ ಬೇರೆ ಬೇರೆಯಾಗಿ, ಆಟ ಇಲ್ಲದ ದಿನ, ಒಂದು ಚಾಕ್ಕೆ ಕರೆದು ಕೇಳಿ.

ಲಕ್ಷಣ: "ನಗುತ್ತಿದ್ದವಳು ತಟ್ಟನೆ ಸುಮ್ಮನಾದಳು"

ಇದು ಸದ್ದಿಲ್ಲದ ಲಕ್ಷಣ, ಹಾಗಾಗಿ ತಪ್ಪಿಹೋಗುತ್ತದೆ. ಕಥೆಯಲ್ಲಿ ಏನೋ ಬಂತು, ಅದು ಅವಳ ಬದುಕಿನ ಯಾವುದೋ ಗಾಯಕ್ಕೆ ತಾಗಿತು. ಅಲ್ಲೇ, ಎಲ್ಲರ ಎದುರು "ಎಂತಾಯ್ತು?" ಅಂತ ಕೇಳಬೇಡಿ. ಬಿಡುವು ಘೋಷಿಸಿ, ಆ ದೃಶ್ಯ ಅಲ್ಲಿಗೇ ಬಿಡಿ.

ಇದಕ್ಕೆ ಅಂತಲೇ ಎರಡು ಸಾಧನ ಉಂಟು, ಎರಡೂ ಬಿಟ್ಟಿ. ಜಾನ್ ಸ್ಟಾವ್ರೋಪೌಲಸ್ ರೂಪಿಸಿದ ಎಕ್ಸ್ ಕಾರ್ಡ್: ಒಂದು ರಟ್ಟಿನ ಮೇಲೆ ಇಂಗ್ಲಿಷಿನ ಎಕ್ಸ್ ಅಕ್ಷರ ಬರೆದು ಮೇಜಿನ ನಡುವೆ ಇಡುವುದು. ಯಾರು ಮುಟ್ಟಿದರೂ ಆಗ ನಡೆಯುತ್ತಿರುವ ವಿಷಯ ಬಿಟ್ಟುಬಿಡುವುದು, ಕಾರಣ ಕೇಳುವುದಿಲ್ಲ. ಇನ್ನೊಂದು ರಾನ್ ಎಡ್ವರ್ಡ್ಸ್ ಹೇಳಿದ್ದು, ನಾವು ಅದನ್ನು ಗೆರೆ ಮತ್ತು ತೆರೆ ಅನ್ನುತ್ತೇವೆ. ಗೆರೆ ಎಳೆದ ವಿಷಯ ಕಥೆಯಲ್ಲಿ ಬರುವುದೇ ಇಲ್ಲ. ತೆರೆಯ ವಿಷಯ ನಡೆಯುತ್ತದೆ, ಆದರೆ ತೆರೆಯ ಹಿಂದೆ, ಯಾರೂ ವರ್ಣಿಸುವುದಿಲ್ಲ. ಶುರುವಿನಲ್ಲಿ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಟ್ಟರೆ ಆಯಿತು.

ನಮ್ಮಲ್ಲಿ ಚೀಟಿಗೆ ಕಾಯದೆ ಗೆರೆ ಎಳೆಯಬೇಕಾದ ಎರಡು ವಿಷಯ ಉಂಟು ಅಂತ ನನ್ನ ಅಭಿಪ್ರಾಯ. ಒಂದು ತುಳುನಾಡಿನ ದೈವಗಳು. ಹೊರಗಿನವರಿಗೆ ಅದು ಕಥೆಯ ರಾಕ್ಷಸನಂತೆ ಕಾಣಬಹುದು, ಆದರೆ ನಿಮ್ಮ ಪಕ್ಕದಲ್ಲಿ ಕೂತವನ ಮನೆಯಲ್ಲಿ ಅದಕ್ಕೆ ವರ್ಷ ವರ್ಷ ಸೇವೆ ನಡೆಯುತ್ತದೆ. ಕೊಲ್ಲುವ ವೈರಿಯನ್ನಾಗಿ ತರಬೇಡಿ. ಇನ್ನೊಂದು ಕೋಮಿನ ಮಾತು. ಬ್ಯಾರಿ, ಕ್ರಿಶ್ಚಿಯನ್, ಹಿಂದೂ ಗೆಳೆಯರು ಒಂದೇ ಮೇಜಿನಲ್ಲಿ ಕೂತು ಆಡುವುದು ನನಗೆ ಬಹಳ ಇಷ್ಟದ ವಿಷಯ. ಒಂದು ಹಗುರ ಮಾತಿಗೆ ಅದು ಹೋಗಬಾರದು.

ಮರುದಿನ ಮೆಸೇಜ್ ಮಾಡಿ, "ನಿನ್ನೆ ಏನಾದರೂ ಬೇಜಾರಾಯಿತಾ? ಹೇಳದಿದ್ದರೂ ಪರವಾಗಿಲ್ಲ." ಅವಳು ತುಂಬಾ ಕುಗ್ಗಿದ ಹಾಗೆ ಕಂಡರೆ, ನಿದ್ದೆ ಇಲ್ಲ, ಊಟ ಇಲ್ಲ, ಬದುಕು ಬೇಡ ಅನ್ನುವ ಮಾತು ಬಂದರೆ, ನೀವು ಕೌನ್ಸೆಲರ್ ಆಗಲು ಹೋಗಬೇಡಿ. ಮನೆಯವರಿಗೋ ವೈದ್ಯರಿಗೋ ತಲುಪಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತಾರೆ.

ಲಕ್ಷಣ: "ಎಲ್ಲರಿಗೂ ಡಿಎಂ ಮೇಲೆ ಸಿಟ್ಟು"

ದಾಳ ಮರೆಯಲ್ಲಿ ಹಾಕುತ್ತಿದ್ದೀರಾ? ಎರಡು ವಾರ ಎಲ್ಲರೆದುರು ಹಾಕಿ. ಸಿಟ್ಟು ಇಳಿದರೆ ಅನುಮಾನವೇ ದೋಷ. ಇಳಿಯದಿದ್ದರೆ ಮಾಂತ್ರಿಕ ಆಯುಧಗಳ ಪಟ್ಟಿ ಬರೆದು ನೋಡಿ, ಯಾರಿಗೆ ಎಷ್ಟು ಸಿಕ್ಕಿದೆ ಅಂತ. ಡಿಎಂ ತಮ್ಮನಿಗೋ, ಪ್ರೀತಿಸುವ ಹುಡುಗಿಗೋ ಎರಡು ಜಾಸ್ತಿ ಹೋಗಿದ್ದರೆ ಪಟ್ಟಿಯಲ್ಲಿ ಕಾಣುತ್ತದೆ. ಅದೂ ಸರಿ ಇದ್ದರೆ, ಡಿಎಂಗೆ ಸುಸ್ತಾಗಿರಬಹುದು. ವಾರ ವಾರ ಕಥೆ ಕಟ್ಟುವುದು ಸುಲಭ ಅಲ್ಲ. ಒಂದು ತಿಂಗಳು ಬೇರೆಯವರು ನಡೆಸಲಿ.

ಲಕ್ಷಣ: "ಜಗಳ ವಾಟ್ಸ್ಆಪ್ ಗ್ರೂಪಿಗೆ ಬಂತು"

ರಾತ್ರಿ ಹನ್ನೊಂದರ ನಂತರ ಬಂದ ಉದ್ದದ ಮೆಸೇಜಿಗೆ ಆಗಲೇ ಉತ್ತರ ಕೊಡಬೇಡಿ. ಬರಹದಲ್ಲಿ ದನಿ ಕೇಳುವುದಿಲ್ಲ, "ಆಯ್ತು" ಅನ್ನುವ ಒಂದು ಪದ ಒಪ್ಪಿಗೆಯೂ ಹೌದು, ಬಾಗಿಲು ಮುಚ್ಚಿದ್ದೂ ಹೌದು. "ನಾಳೆ ಸಿಗುವಾ" ಅಂತ ಒಬ್ಬರು ಬರೆದು ಅಲ್ಲಿಗೆ ನಿಲ್ಲಿಸಲಿ. ಸ್ಕ್ರೀನ್‌ಶಾಟ್ ಓಡಾಡುತ್ತಿದೆ, ಒಬ್ಬರನ್ನು ಬಿಟ್ಟು ಇನ್ನೊಂದು ಗ್ರೂಪ್ ಆಗಿದೆ ಅಂದರೆ ಗುಂಪು ಆಗಲೇ ಎರಡಾಗಿದೆ ಅಂತ ಅರ್ಥ. ಅದನ್ನು ಗುಟ್ಟಾಗಿ ಇಡಬೇಡಿ.

ಲಕ್ಷಣ: "ಎಲ್ಲ ನೋಡಿ ಆಯಿತು, ಸರಿ ಆಗುತ್ತಿಲ್ಲ"

ಸಮಯ ನೋಡಿದಿರಿ, ಹೊಟ್ಟೆ ನೋಡಿದಿರಿ, ಪುಸ್ತಕ, ಭಾಷೆ, ನಿಯಮ ಎಲ್ಲ ನೋಡಿದಿರಿ. ಒಬ್ಬರ ಹತ್ತಿರ ಎರಡು ಸಲ ಬಾಯಿ ಬಿಟ್ಟು ಮಾತಾಡಿದಿರಿ. ಆಮೇಲೂ ಅದೇ. ಈಗ ಮೋಟಾರ್ ಬಿಚ್ಚುವ ಹೊತ್ತು, ಅಂದರೆ ಅವರಿಗೆ ಗುಂಪು ಬಿಡಲು ಹೇಳುವುದು, ಇಲ್ಲ ಗುಂಪನ್ನೇ ಎರಡು ಮಾಡುವುದು.

ಹೇಳುವುದು ಒಬ್ಬರೇ, ಎದುರಿಗೆ ಕೂತು, ಆಟ ಇಲ್ಲದ ದಿನ. ಐದು ಜನ ಸುತ್ತ ಕೂತು ತೀರ್ಪು ಕೊಟ್ಟ ಹಾಗೆ ಮಾಡಬೇಡಿ. ನಡೆದದ್ದನ್ನು ಹೇಳಿ, ಸ್ವಭಾವವನ್ನು ಹೇಳಬೇಡಿ. "ಮೂರು ವಾರ ನೀನು ಬೇರೆಯವರ ಸರದಿಯಲ್ಲಿ ಮಾತಾಡಿದೆ, ಎರಡು ಸಲ ಹೇಳಿದೆವು, ಬದಲಾಗಲಿಲ್ಲ. ಈ ಆಟ ನಾವು ನಿನ್ನನ್ನು ಬಿಟ್ಟು ಮುಂದುವರಿಸುತ್ತೇವೆ." ಅಷ್ಟು ಸಾಕು. ಗೆಳೆತನ ಉಳಿಯಬೇಕು ಅಂತಿದ್ದರೆ ಅದನ್ನೂ ಹೇಳಿ, ಸುಳ್ಳು ಹೇಳಬೇಡಿ. ಅವರು ಎಲ್ಲಾದರೂ "ನನಗೆ ಬಸ್ಸು" ಅಂತ ನೀವು ಕೇಳಿರದ ಒಂದು ಮಾತು ಹೇಳಿದರೆ, ಅಲ್ಲೇ ನಿಲ್ಲಿಸಿ, ಪಟ್ಟಿಯ ಮೇಲಿನಿಂದ ಮತ್ತೆ ಶುರು ಮಾಡಿ.

ಅವರು ಹೋದ ಮೇಲೆ ಅವರ ಪಾತ್ರವನ್ನು ಕಥೆಯಲ್ಲಿ ಕೊಲ್ಲಬೇಡಿ, ಹಾಸ್ಯ ಮಾಡಬೇಡಿ. ದೂರದ ಊರಿಗೆ ಕೆಲಸದ ಮೇಲೆ ಹೋಗಿದ್ದಾನೆ ಅಂತ ಕಥೆಯಲ್ಲಿ ಒಂದು ಸಾಲು ಸೇರಿಸಿ, ಆ ಪಾತ್ರದ ವಿವರ ಬರೆದ ಹಾಳೆಯನ್ನು ಫೈಲಲ್ಲಿ ಇಡಿ. ಬಾಗಿಲು ಒದೆಯುತ್ತಿದ್ದವನ ಹಾಳೆ ನನ್ನ ಫೈಲಲ್ಲಿ ಉಂಟು. ಹೋದ ತಿಂಗಳು ಅವನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಈಗ ನಮ್ಮ ಆಟ ಮಧ್ಯಾಹ್ನ ಎರಡಕ್ಕೆ ಶುರು, ಆರೂವರೆಗೆ ಬಂದ್.